ನೌಕರರ ವೃತ್ತಿ ಬೆಳವಣಿಗೆ: ಕರಡು ಬರೆಯುವ ಮೊದಲು ಯಾರ ಮಾತು ಕೇಳಬೇಕು?

ಸರ್ಕಾರಿ ನೌಕರರ ವೃತ್ತಿ ಬೆಳವಣಿಗೆಯ ಕಾರ್ಯಕ್ರಮಗಳನ್ನು ರೂಪಿಸುವಾಗ ಸಂಬಂಧಪಟ್ಟವರೊಂದಿಗೆ ಸಮಾಲೋಚಿಸುವ ಬಗೆಯನ್ನು ಕುರಿತು ಬಂದ ಪತ್ರಗಳಲ್ಲಿ ಐದಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಪತ್ರ ಬರೆದವರ ಕೋರಿಕೆಯಂತೆ ಹೆಸರು ಮತ್ತು ಇಲಾಖೆಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ರಾಜ್ಯ ಸರ್ಕಾರದ ಇಲಾಖೆಯೊಂದರ ಕೇಂದ್ರ ಕಚೇರಿಯಲ್ಲಿ ನಾನು ಆಡಳಿತ ಶಾಖೆಯ ಅಧಿಕಾರಿ. ನಮ್ಮ ಗ್ರೂಪ್-ಬಿ ಮತ್ತು ಗ್ರೂಪ್-ಸಿ ನೌಕರರ ತರಬೇತಿ, ಶಾಖಾ ಬದಲಾವಣೆ ಮತ್ತು ಮುಂಬಡ್ತಿಯನ್ನು ಒಟ್ಟಾಗಿ ನೋಡುವ ವೃತ್ತಿ ಅಭಿವೃದ್ಧಿ ಕಾರ್ಯಕ್ರಮದ ಕರಡನ್ನು ಸಿದ್ಧಪಡಿಸುವ ಹೊಣೆ ನನಗೆ ಬಂದಿದೆ. ಕರಡು ಮುಗಿದ ಮೇಲೆ ನೌಕರರ ಸಂಘಕ್ಕೆ ಒಂದು ಪ್ರತಿ ಕಳುಹಿಸಿ, ವೃಂದ (ಒಂದೇ ಬಗೆಯ ಹುದ್ದೆಗಳ ಗುಂಪು) ಮತ್ತು ನೇಮಕಾತಿ ನಿಯಮಗಳಿಗೆ ಬೇಕಾದ ತಿದ್ದುಪಡಿಯನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆದರೆ ಸಾಕು ಎಂದು ಮೇಲಧಿಕಾರಿಗಳು ಹೇಳುತ್ತಾರೆ. ಇದಕ್ಕಿಂತ ಹೆಚ್ಚಿನ ಸಮಾಲೋಚನೆ ಬೇಕೆ? — ಅಧಿಕಾರಿ, ಬೆಂಗಳೂರು

ಉತ್ತರ: ಬೇಕು. ಮೇಲಧಿಕಾರಿಗಳು ಹೇಳಿರುವುದು ಕಾನೂನು ವಿಧಿಸಿದ ಕನಿಷ್ಠ ಕ್ರಮ. 1978ರ ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಅಧಿನಿಯಮದ 3ನೇ ಪ್ರಕರಣದಂತೆ ಸೇವಾ ನಿಯಮಗಳ ಕರಡನ್ನು ಪ್ರಕಟಿಸಿ, ಅದರಿಂದ ಬಾಧಿತರಾಗಬಹುದಾದವರಿಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಕರೆಯಲೇಬೇಕು. ಆದರೆ ಆ ಹಂತ ಬರುವ ಹೊತ್ತಿಗೆ ಯಾವ ಹುದ್ದೆಯಿಂದ ಯಾವ ಹುದ್ದೆಗೆ ದಾರಿ, ಎಷ್ಟು ಪಾಲು ನೇರ ನೇಮಕಾತಿಗೆ, ಎಷ್ಟು ಮುಂಬಡ್ತಿಗೆ ಎಂಬುದೆಲ್ಲ ತೀರ್ಮಾನವಾಗಿರುತ್ತದೆ. ಓದಿದವನಿಗೆ ಉಳಿಯುವುದು ಒಪ್ಪುವುದು ಅಥವಾ ವಿರೋಧಿಸುವುದು ಮಾತ್ರ. ಹೀಗಾಗಿ ಬರುವ ಪತ್ರಗಳಲ್ಲಿ ಬಹುಪಾಲು ತಮ್ಮ ತಮ್ಮ ಜ್ಯೇಷ್ಠತೆಯನ್ನು ಕಾಪಾಡಿಕೊಳ್ಳುವ ಪತ್ರಗಳಾಗಿರುತ್ತವೆ. ಕೆಲಸ ಎಲ್ಲಿ ನಿಲ್ಲುತ್ತದೆ, ಯಾವ ಹುದ್ದೆಯಲ್ಲಿ ಕುಳಿತವನು ಹದಿನೈದು ವರ್ಷಗಳಲ್ಲಿ ಹೊಸದೇನನ್ನೂ ಕಲಿಯದೆ ಉಳಿಯುತ್ತಾನೆ ಎಂಬ ತಿಳಿವಳಿಕೆ ಆ ದಾರಿಯಲ್ಲಿ ನಿಮ್ಮನ್ನು ತಲುಪುವುದಿಲ್ಲ. ಕರಡಿನ ಮೊದಲ ವಾಕ್ಯ ಬರೆಯುವ ಮುನ್ನವೇ ಕೇಳಬೇಕು ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

ಯಾರನ್ನಾದರೂ ಕೇಳುವ ಮೊದಲು, ನೌಕರರ ಸೇವಾ ವಿವರ ಮತ್ತು ವೇತನದ ಗಣಕೀಕೃತ ವ್ಯವಸ್ಥೆಯಾದ ಎಚ್‌ಆರ್‌ಎಂಎಸ್‌ನಲ್ಲಿರುವ ನಿಮ್ಮದೇ ದಾಖಲೆಗಳನ್ನು ಓದಿ. ನಮ್ಮ ರಾಜ್ಯದಲ್ಲಿ ಮುಂಬಡ್ತಿ ಸಿಗದೆ ಒಂದೇ ಹುದ್ದೆಯಲ್ಲಿ ಉಳಿದವರಿಗೆ 10 ವರ್ಷಕ್ಕೆ ಕಾಲಬದ್ಧ ಮುಂಬಡ್ತಿ, 15 ವರ್ಷಕ್ಕೆ ಹಿರಿಯ ವೇತನ ಶ್ರೇಣಿ, ಮುಂದೆ 20, 25, 30 ವರ್ಷಗಳಿಗೆ ಹೆಚ್ಚುವರಿ ವೇತನ ಬಡ್ತಿ ಎಂಬ ವ್ಯವಸ್ಥೆಯಿದೆ. ಸಂಬಳದ ಮಟ್ಟಿಗೆ ಇದು ನ್ಯಾಯವಾದ ಪರಿಹಾರವೇ ಸರಿ. ಆದರೆ ಇದರಿಂದ ವೇತನ ಏರುತ್ತದೆಯೇ ಹೊರತು ಹೊಣೆಯಾಗಲಿ ಕೆಲಸದ ಸ್ವರೂಪವಾಗಲಿ ಬದಲಾಗುವುದಿಲ್ಲ. ನಿಮ್ಮ ಇಲಾಖೆಯಲ್ಲಿ ಯಾವ ವೃಂದದವರು, ಯಾವ ಜಿಲ್ಲೆಗಳವರು ಈ ಸೌಲಭ್ಯಗಳನ್ನು ಹೆಚ್ಚಾಗಿ ಪಡೆದಿದ್ದಾರೆ ಎಂದು ಲೆಕ್ಕ ಹಾಕಿದರೆ ಮುಂಬಡ್ತಿಯ ದಾರಿ ಎಲ್ಲೆಲ್ಲಿ ಕಟ್ಟಿಕೊಂಡಿದೆ ಎಂಬ ನಕ್ಷೆ ಕೈಗೆ ಬರುತ್ತದೆ. ಯಾರನ್ನು ಮೊದಲು ಕೇಳಬೇಕೆಂಬುದನ್ನು ಆ ನಕ್ಷೆಯೇ ಹೇಳುತ್ತದೆ.

ಸಂಬಂಧಪಟ್ಟವರು ಯಾರೆಂಬ ಪ್ರಶ್ನೆಗೆ 'ನೌಕರರು' ಎಂಬ ಒಂದೇ ಮಾತು ಉತ್ತರವಾಗಲಾರದು. ನೇರ ನೇಮಕಾತಿಯಿಂದ ಬಂದವರ ಹಿತವೂ ಮುಂಬಡ್ತಿಯಿಂದ ಬಂದವರ ಹಿತವೂ ಒಂದಲ್ಲ. ಸಂವಿಧಾನದ 371ಜೆ ಅನುಚ್ಛೇದದ ಪ್ರಕಾರ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿರುವವರ ಜ್ಯೇಷ್ಠತಾ ಪಟ್ಟಿಯೇ ಬೇರೆ, ರಾಜ್ಯದ ಉಳಿದ ಹುದ್ದೆಗಳ ಗುಂಪಾದ ಉಳಿಕೆ ಮೂಲ ವೃಂದದವರದು ಬೇರೆ. ಬೆಂಗಳೂರಿನಲ್ಲಿ ಕುಳಿತು ಬರೆದ ಶಾಖಾ ಬದಲಾವಣೆಯ ನಿಯಮವೊಂದು ಕಲಬುರಗಿಯಲ್ಲಿ ಬೇರೆಯದೇ ಪರಿಣಾಮ ಬೀರಬಹುದು. ಪರೀಕ್ಷಾರ್ಥ ಅವಧಿಯಲ್ಲಿರುವ ಹೊಸಬರು, ಇಲಾಖಾ ಪರೀಕ್ಷೆಗಳನ್ನು ಮುಗಿಸಿಯೂ ಹುದ್ದೆ ಖಾಲಿಯಾಗುವುದನ್ನು ಕಾಯುತ್ತಿರುವವರು, ಗ್ರೂಪ್-ಡಿಯಿಂದ ಗ್ರೂಪ್-ಸಿಗೆ ಏರುವ ನಿರೀಕ್ಷೆಯಲ್ಲಿರುವವರು, ಚಿಕ್ಕ ಮಕ್ಕಳಿರುವ ಕಾರಣಕ್ಕೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯ ವಸತಿ ತರಬೇತಿಗೆ ಹೋಗಲಾಗದ ತಾಯಂದಿರು, ಇವರಲ್ಲಿ ಒಬ್ಬೊಬ್ಬರಿಗೂ ಕಾರ್ಯಕ್ರಮದ ಒಂದೊಂದು ಭಾಗ ತಟ್ಟುತ್ತದೆ. ಇನ್ನೊಂದು ಗುಂಪನ್ನು ಎಲ್ಲರೂ ಮರೆಯುತ್ತಾರೆ: ಆ ವರ್ಷ ನಿವೃತ್ತರಾಗಲಿರುವವರು ಮತ್ತು ಇತ್ತೀಚೆಗೆ ಸೇವೆ ಬಿಟ್ಟು ಬೇರೆಡೆಗೆ ಹೋದವರು. ಸ್ವಂತ ಲಾಭ ನಷ್ಟದ ಪ್ರಶ್ನೆಯಿಲ್ಲದ ಕಾರಣ ಇವರ ಮಾತಿನಲ್ಲಿ ನೇರವಂತಿಕೆ ಇರುತ್ತದೆ.

ನೌಕರರಷ್ಟೇ ಮುಖ್ಯರಾದವರು ಅವರ ನಿಯಂತ್ರಣಾಧಿಕಾರಿಗಳು. ತರಬೇತಿಗೆ ಹೋಗಲು ನೌಕರನನ್ನು ಬಿಡುಗಡೆ ಮಾಡಬೇಕಾದವರು ತಹಶೀಲ್ದಾರರೋ ಸಹಾಯಕ ನಿರ್ದೇಶಕರೋ ಆಗಿರುತ್ತಾರೆ. ರಾಜ್ಯದಲ್ಲಿ ಮಂಜೂರಾದ ಹುದ್ದೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಖಾಲಿ ಇರುವಾಗ, ಇಬ್ಬರು ಮಾಡಬೇಕಾದ ಕೆಲಸವನ್ನು ಮಾಡುತ್ತಿರುವ ಒಬ್ಬನನ್ನು ವಾರಗಟ್ಟಲೆ ಕಳುಹಿಸಿಕೊಡಲು ಅವರು ಹಿಂಜರಿಯುವುದು ಸಹಜ. ಅವರನ್ನು ಕೇಳದೆ ಬರೆದ ತರಬೇತಿ ವೇಳಾಪಟ್ಟಿ ಕಾಗದದಲ್ಲೇ ಉಳಿಯುತ್ತದೆ. ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ, ಆರ್ಥಿಕ ಇಲಾಖೆ ಮತ್ತು ಲೋಕಸೇವಾ ಆಯೋಗದ ಅಭಿಪ್ರಾಯವನ್ನು ಕಡತದ ಕೊನೆಯಲ್ಲಿ ಪಡೆಯುವ ರೂಢಿಯಿದೆ. ಅಲ್ಲಿನ ಅಧಿಕಾರಿಗಳೊಂದಿಗೆ ಆರಂಭದಲ್ಲೇ ಒಮ್ಮೆ ಕುಳಿತರೆ, ಕೊಡಲಾಗದ್ದನ್ನು ಕೊಡುತ್ತೇವೆಂದು ನೌಕರರಿಗೆ ಹೇಳಿ ಆಮೇಲೆ ಹಿಂದೆಗೆಯುವ ಸ್ಥಿತಿ ನಿಮಗೆ ಬರುವುದಿಲ್ಲ.

ಕೇಳುವ ಬಗೆಯ ಕುರಿತು ನನ್ನ ಖಚಿತ ಅಭಿಪ್ರಾಯ ಇದು: ಉಪನಿರ್ದೇಶಕರನ್ನೂ ದ್ವಿತೀಯ ದರ್ಜೆ ಸಹಾಯಕರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಬೇಡಿ. ತನ್ನ ಕಾರ್ಯನಿರ್ವಹಣಾ ವರದಿ ಬರೆಯುವವರ ಎದುರಿನಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ. ವೃಂದವಾರು ಹತ್ತು ಹನ್ನೆರಡು ಮಂದಿಯ ಸಣ್ಣ ಗುಂಪುಗಳನ್ನು ಕರೆಯಿರಿ. ಸಭೆ ಬೆಂಗಳೂರಿನಲ್ಲಿ ಮಾತ್ರ ನಡೆಯದೆ ಕಾರವಾರ, ಬೀದರ್, ಚಾಮರಾಜನಗರದಂಥ ಕಡೆಯೂ ನಡೆಯಲಿ. ಅದು ಕಚೇರಿಯ ಅವಧಿಯಲ್ಲೇ ಇರಲಿ, ಬಂದವರಿಗೆ ಪ್ರಯಾಣ ಭತ್ಯೆ ದೊರೆಯಲಿ. 'ನಿಮಗೆ ಯಾವ ತರಬೇತಿ ಬೇಕು?' ಎಂದು ಕೇಳಿದರೆ ಹೆಚ್ಚಿನವರು ಕಂಪ್ಯೂಟರ್ ಎನ್ನುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. 'ಕಳೆದ ತಿಂಗಳು ನಿಮ್ಮ ಮೇಜಿನಲ್ಲಿ ಅತಿ ಹೆಚ್ಚು ದಿನ ನಿಂತ ಕಡತ ಯಾವುದು, ಏಕೆ ನಿಂತಿತು?' ಎಂದು ಕೇಳಿನೋಡಿ. ಆ ಉತ್ತರದಲ್ಲಿ ಕೌಶಲದ ಕೊರತೆ, ಅಧಿಕಾರ ಪ್ರತ್ಯಾಯೋಜನೆಯ (ತೀರ್ಮಾನಿಸುವ ಅಧಿಕಾರವನ್ನು ಕೆಳಹಂತಕ್ಕೆ ವಹಿಸುವುದರ) ಕೊರತೆ ಮತ್ತು ಸಿಬ್ಬಂದಿಯ ಕೊರತೆ ಮೂರೂ ಬೇರೆ ಬೇರೆಯಾಗಿ ಕಾಣಿಸುತ್ತವೆ. ಇವುಗಳಲ್ಲಿ ತರಬೇತಿಯಿಂದ ನಿವಾರಣೆಯಾಗುವುದು ಮೊದಲನೆಯದು ಮಾತ್ರ.

ನೌಕರರ ಸಾಮರ್ಥ್ಯ ಬೆಳೆಸಲು ಕೇಂದ್ರ ಸರ್ಕಾರ ರೂಪಿಸಿದ ಮಿಷನ್ ಕರ್ಮಯೋಗಿ ಕಾರ್ಯಕ್ರಮದ ಚೌಕಟ್ಟೂ ಇದೇ ದಿಕ್ಕಿನದು. ಕೇಂದ್ರ ಸಚಿವ ಸಂಪುಟವು 2020ರ ಸೆಪ್ಟೆಂಬರ್ 2ರಂದು ಇದಕ್ಕೆ ಒಪ್ಪಿಗೆ ನೀಡಿತು. ಸುಮಾರು 46 ಲಕ್ಷ ಕೇಂದ್ರ ನೌಕರರಿಗಾಗಿ ಐದು ವರ್ಷಗಳಿಗೆ 510.86 ಕೋಟಿ ರೂಪಾಯಿ ನಿಗದಿಯಾಯಿತು. ಪ್ರತಿ ಹುದ್ದೆಯ ಪಾತ್ರವೇನು, ಆ ಪಾತ್ರದಲ್ಲಿ ಮಾಡಬೇಕಾದ ಚಟುವಟಿಕೆಗಳು ಯಾವುವು, ಅದಕ್ಕೆ ಬೇಕಾದ ಸಾಮರ್ಥ್ಯಗಳು ಯಾವುವು ಎಂದು ಮೊದಲು ಗುರುತಿಸಿ, ಆಮೇಲೆ ಕಲಿಕೆಯನ್ನು ಅದಕ್ಕೆ ಹೊಂದಿಸಬೇಕೆಂಬುದು ಅದರ ತಿರುಳು. ಈ ಕ್ರಮವನ್ನು ನೀವು ಅನುಸರಿಸುವುದಾದರೆ ಹುದ್ದೆಯ ಚಟುವಟಿಕೆಗಳ ಪಟ್ಟಿಯನ್ನು ಆ ಹುದ್ದೆಯಲ್ಲಿರುವವರಿಂದಲೇ ಬರೆಸಿ. ಕೇಂದ್ರ ಕಚೇರಿಯವರೋ ಹೊರಗಿನ ಸಲಹೆಗಾರರೋ ಬರೆದ ಪಟ್ಟಿಯಲ್ಲಿ ಚುನಾವಣೆ, ಜನಗಣತಿ, ನೆರೆ ಪರಿಹಾರ, ಗಣ್ಯರ ಭೇಟಿಯಂಥ ಕೆಲಸಗಳು ಬಿಟ್ಟುಹೋಗುತ್ತವೆ. ತಾಲ್ಲೂಕು ಕಚೇರಿಯ ವರ್ಷದ ದೊಡ್ಡ ಭಾಗ ಕಳೆಯುವುದು ಅವುಗಳಲ್ಲೇ.

ನಮ್ಮ ರಾಜ್ಯದ ಒಂದು ಅನುಭವವನ್ನು ನಿಮ್ಮ ಮೇಲಧಿಕಾರಿಗಳ ಗಮನಕ್ಕೆ ತರಬಹುದು. 2012ರ ನಿಯಮಗಳಂತೆ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಡ್ಡಾಯವಾಯಿತು. ವೇತನ ಬಡ್ತಿ, ಮುಂಬಡ್ತಿಗಳಿಗೆ ಅದನ್ನು ಜೋಡಿಸಲಾಯಿತು. ಉದ್ದೇಶ ಸರಿಯಾಗಿಯೇ ಇತ್ತು. ಆದರೆ ತೇರ್ಗಡೆಯಾಗಲು ಕೊಟ್ಟ ಗಡುವನ್ನು ಸರ್ಕಾರ ಮತ್ತೆ ಮತ್ತೆ ವಿಸ್ತರಿಸಬೇಕಾಯಿತು. ಎಷ್ಟು ಪರೀಕ್ಷಾ ಕೇಂದ್ರಗಳು ಬೇಕು, ಕಚೇರಿಯಲ್ಲಿ ಕಂಪ್ಯೂಟರನ್ನೇ ಮುಟ್ಟದ ಹುದ್ದೆಗಳು ಯಾವುವು, ಕಲಿಯಲು ಸಮಯ ಎಲ್ಲಿಂದ ಬರಬೇಕು ಎಂಬ ವಿವರಗಳನ್ನು ಕೆಳಹಂತದವರಿಂದ ಮೊದಲೇ ಸಂಗ್ರಹಿಸಿಕೊಂಡರೆ ಇಂಥ ಕಡ್ಡಾಯಕ್ಕೆ ನಡೆಯಬಲ್ಲ ಗಡುವನ್ನು ಇಡಬಹುದು. ಗಡುವು ಪದೇ ಪದೇ ಮುಂದೆ ಹೋದಾಗ, ಕಷ್ಟಪಟ್ಟು ಸಕಾಲದಲ್ಲಿ ತೇರ್ಗಡೆಯಾದವರಿಗೆ ಅನ್ಯಾಯವಾದಂತಾಗುತ್ತದೆ ಎಂಬುದನ್ನೂ ಮರೆಯಬಾರದು.

ಕೊನೆಯದಾಗಿ, ಕೇಳಿದ ಮೇಲೆ ಉತ್ತರ ಕೊಡಬೇಕು. ಬಂದ ಸಲಹೆ, ಅದನ್ನು ಒಪ್ಪಲಾಯಿತೇ ಇಲ್ಲವೇ, ಇಲ್ಲವಾದರೆ ಕಾರಣ ಇಷ್ಟನ್ನು ಒಂದು ತಖ್ತೆಯಲ್ಲಿ ಬರೆದು ಎಲ್ಲ ಕಚೇರಿಗಳಿಗೂ ಕಳುಹಿಸಿ. ಇದು ಬರೀ ಸೌಜನ್ಯವಲ್ಲ. ಮಾಹಿತಿ ಹಕ್ಕು ಅಧಿನಿಯಮ 2005ರ 4(1)(ಸಿ) ಮತ್ತು (ಡಿ) ಪ್ರಕರಣಗಳು ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನು ಪ್ರಕಟಿಸುವುದನ್ನೂ, ಆಡಳಿತಾತ್ಮಕ ತೀರ್ಮಾನಗಳಿಗೆ ಬಾಧಿತರಿಗೆ ಕಾರಣ ನೀಡುವುದನ್ನೂ ಸಾರ್ವಜನಿಕ ಪ್ರಾಧಿಕಾರಗಳ ಕರ್ತವ್ಯವೆಂದು ಹೇಳಿವೆ.

ಪ್ರಶ್ನೆ: ನೌಕರರ ಸಂಘದ ಚುನಾಯಿತ ಪದಾಧಿಕಾರಿಯಾಗಿದ್ದೇನೆ. ಇತ್ತೀಚೆಗೆ ಕೆಲವು ಇಲಾಖೆಗಳು ನಮ್ಮನ್ನು ಬಿಟ್ಟು ನೇರವಾಗಿ ನೌಕರರ ಗುಂಪುಗಳನ್ನು ಕರೆದು ಅಭಿಪ್ರಾಯ ಕೇಳುತ್ತಿವೆ. ಇದು ಸಂಘವನ್ನು ದುರ್ಬಲಗೊಳಿಸುವ ಕ್ರಮವಲ್ಲವೇ? — ಪದಾಧಿಕಾರಿ, ಹುಬ್ಬಳ್ಳಿ

ಉತ್ತರ: ಸಂಘಕ್ಕೆ ತಿಳಿಸದೆ ಮಾಡಿದರೆ ಅದು ತಪ್ಪು. ಇದರಲ್ಲಿ ನಿಮ್ಮ ದೂರು ನ್ಯಾಯವಾದದ್ದು. ನೌಕರರ ಪ್ರತಿನಿಧಿಗಳೊಂದಿಗೆ ವ್ಯವಸ್ಥಿತವಾಗಿ ಮಾತನಾಡುವ ಪದ್ಧತಿ ನಮ್ಮ ದೇಶದಲ್ಲಿ ಹೊಸದಲ್ಲ. ಕೇಂದ್ರದಲ್ಲಿ 1966ರಿಂದ ಜಂಟಿ ಸಮಾಲೋಚನಾ ವ್ಯವಸ್ಥೆಯಿದ್ದು, ರಾಷ್ಟ್ರೀಯ, ಇಲಾಖಾ ಮತ್ತು ಕಚೇರಿ ಎಂಬ ಮೂರು ಹಂತಗಳ ಮಂಡಳಿಗಳಲ್ಲಿ ಸರ್ಕಾರದ ಪಕ್ಷ ಮತ್ತು ನೌಕರರ ಪಕ್ಷ ಎದುರುಬದುರು ಕೂರುತ್ತವೆ. ಆ ಮನ್ನಣೆಯನ್ನು ಹೋರಾಡಿ ಪಡೆದವರು ನೌಕರರು. ಅದನ್ನು ಬದಿಗಿಡುವ ಯಾವ ಸಮೀಕ್ಷೆಯನ್ನೂ ನಾನು ಸಮರ್ಥಿಸುವುದಿಲ್ಲ.

ಆದರೆ ವೃತ್ತಿ ಬೆಳವಣಿಗೆಯ ವಿಷಯ ವೇತನದಂಥದ್ದಲ್ಲ. ವೇತನ ಏರಿದರೆ ಎಲ್ಲರಿಗೂ ಏರುತ್ತದೆ, ಸಂಘ ಒಂದೇ ದನಿಯಲ್ಲಿ ಮಾತನಾಡಬಹುದು. ಮುಂಬಡ್ತಿಯ ಪಾಲು ಹೆಚ್ಚಿದರೆ ನೇರ ನೇಮಕಾತಿಯ ಪಾಲು ತಗ್ಗುತ್ತದೆ, ಒಂದು ವೃಂದಕ್ಕೆ ದಾರಿ ತೆರೆದರೆ ಇನ್ನೊಂದರ ಸರದಿ ಹಿಂದೆ ಸರಿಯುತ್ತದೆ, ಮತ್ತು ಇಬ್ಬರೂ ನಿಮ್ಮ ಸಂಘದ ಸದಸ್ಯರೇ ಆಗಿರುತ್ತಾರೆ. 1957ರ ಜ್ಯೇಷ್ಠತಾ ನಿಯಮಗಳ ಅರ್ಥದ ಬಗ್ಗೆ ಸಹೋದ್ಯೋಗಿಗಳೇ ಪರಸ್ಪರ ಪ್ರತಿವಾದಿಗಳಾಗಿ ಆಡಳಿತ ನ್ಯಾಯಮಂಡಳಿಯ ಮುಂದೆ ನಿಲ್ಲುವುದನ್ನು ನೀವು ಬಲ್ಲಿರಿ. ಇಂಥಲ್ಲಿ ಸಂಘವೊಂದೇ ಎಲ್ಲರ ಪರವಾಗಿ ಮಾತನಾಡಬೇಕೆಂದರೆ, ಸಂಖ್ಯೆಯಲ್ಲಿ ಹೆಚ್ಚಿರುವ ವೃಂದದ ಮಾತು ಉಳಿದು ಪ್ರಯೋಗಾಲಯ ತಂತ್ರಜ್ಞರು, ಶೀಘ್ರಲಿಪಿಗಾರರು, ವಾಹನ ಚಾಲಕರಂಥ ಸಣ್ಣ ವೃಂದದವರ ಮಾತು ಅಡಗಿಹೋಗುವ ಅಪಾಯವಿದೆ.

ಕೆ. ಸುಧಾಕರ್ ರಾವ್ ಅವರ ಅಧ್ಯಕ್ಷತೆಯಲ್ಲಿ 2022ರಲ್ಲಿ ರಚನೆಯಾದ ಏಳನೇ ರಾಜ್ಯ ವೇತನ ಆಯೋಗವು ಪ್ರಶ್ನಾವಳಿಯನ್ನು ಪ್ರಕಟಿಸಿ ಸಂಘಗಳಿಂದಲೂ ಸಾರ್ವಜನಿಕರಿಂದಲೂ ಉತ್ತರ ಕೇಳಿತು. ಅದರಿಂದ ಸಂಘಗಳ ತೂಕವೇನೂ ಕಡಿಮೆಯಾಗಲಿಲ್ಲ. ಆದ್ದರಿಂದ ನೀವು ಇಲಾಖೆಯ ಮುಂದೆ ಹೀಗೊಂದು ಬೇಡಿಕೆ ಇಡಬಹುದು: ಗುಂಪುಗಳಿಗೆ ಕೇಳುವ ಪ್ರಶ್ನೆಗಳನ್ನು ಸಂಘದೊಂದಿಗೆ ಕುಳಿತು ರೂಪಿಸಲಿ, ಗುಂಪುಗಳ ಆಯ್ಕೆಯ ಮಾನದಂಡವನ್ನು ಮೊದಲೇ ತಿಳಿಸಲಿ, ಹೆಸರುಗಳನ್ನು ತೆಗೆದ ಸಾರಾಂಶವನ್ನು ಸಂಘಕ್ಕೂ ಕೊಡಲಿ. ಸಭೆಯ ಒಳಗೆ ಮಾತ್ರ ಪದಾಧಿಕಾರಿಗಳು ಕೂರದಿರುವುದು ಲೇಸು. ಸಂಘದ ನಿಲುವಿಗೆ ಹೊರತಾದ ಮಾತನ್ನು ಆಡಬಯಸುವ ಸದಸ್ಯನಿಗೂ ಅವಕಾಶ ಉಳಿಯಬೇಕು.

ಪ್ರಶ್ನೆ: ನಾನು ದೃಷ್ಟಿದೋಷವುಳ್ಳ ನೌಕರ. ಅಭಿಪ್ರಾಯ ಕೇಳುವ ಸುತ್ತೋಲೆಗಳೇ ನನಗೆ ಓದಲಾಗದ ರೂಪದಲ್ಲಿ ಬರುತ್ತವೆ. ಏನು ಮಾಡಬೇಕು? — ಓದುಗರು, ಮೈಸೂರು

ಉತ್ತರ: ಸ್ಕ್ಯಾನ್ ಮಾಡಿದ ಪ್ರತಿಯನ್ನೂ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತವನ್ನೂ ಕಂಪ್ಯೂಟರ್ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳು ಸರಿಯಾಗಿ ಓದಲಾರವು. ಕರಡನ್ನು ಯೂನಿಕೋಡ್ ಕನ್ನಡದಲ್ಲಿ ಕೊಡಬೇಕೆಂದು ಲಿಖಿತವಾಗಿ ಕೇಳಿ, ಅದು ಬರುವವರೆಗೆ ಅಭಿಪ್ರಾಯ ಸಲ್ಲಿಸುವ ಅವಧಿಯನ್ನು ವಿಸ್ತರಿಸಲು ಕೋರಿ. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ 20ನೇ ಪ್ರಕರಣದಂತೆ ವಿಕಲತೆಯೊಂದರ ಕಾರಣಕ್ಕೆ ಯಾರಿಗೂ ಮುಂಬಡ್ತಿ ನಿರಾಕರಿಸುವಂತಿಲ್ಲ. 23ನೇ ಪ್ರಕರಣದಂತೆ ಪ್ರತಿ ಸರ್ಕಾರಿ ಸಂಸ್ಥೆಯೂ ಕುಂದುಕೊರತೆ ನಿವಾರಣಾಧಿಕಾರಿಯನ್ನು ನೇಮಿಸಬೇಕು, ನಿಮ್ಮ ಪತ್ರದ ಒಂದು ಪ್ರತಿ ಅವರಿಗೂ ಹೋಗಲಿ. ಕಾರ್ಯಕ್ರಮ ರೂಪಿಸುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಏನೆಂದರೆ, ತರಬೇತಿ ಸಾಮಗ್ರಿ, ಇಲಾಖಾ ಪರೀಕ್ಷೆ, ತರಬೇತಿ ಕೇಂದ್ರದ ವಸತಿ ಈ ಮೂರರ ಬಗ್ಗೆ ವಿಕಲಚೇತನ ನೌಕರರನ್ನು ಪ್ರತ್ಯೇಕವಾಗಿ ಕೇಳಿ. ಪೀಠೋಪಕರಣ ಖರೀದಿಯೂ ತಂತ್ರಾಂಶದ ಗುತ್ತಿಗೆಯೂ ಮುಗಿದ ಮೇಲೆ ಕೇಳಿದರೆ ಬದಲಾಯಿಸಲು ಹಣವೇ ಉಳಿದಿರುವುದಿಲ್ಲ.

ಪ್ರಶ್ನೆ: ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿದ್ದೇನೆ. ತರಬೇತಿ ಅಗತ್ಯಗಳ ಬಗ್ಗೆ ಆನ್‌ಲೈನ್ ನಮೂನೆಯನ್ನು ಅದೇ ದಿನ ಸಂಜೆಯೊಳಗೆ ತುಂಬಲು ಹೇಳುತ್ತಾರೆ. ತುಂಬಿದ್ದು ಏನಾಯಿತೆಂದು ತಿಳಿಯುವುದಿಲ್ಲ. ಇನ್ನು ಮುಂದೆ ಅಭಿಪ್ರಾಯ ಕೊಟ್ಟು ಪ್ರಯೋಜನವುಂಟೆ? — ಓದುಗರು, ಯಾದಗಿರಿ

ಉತ್ತರ: ನಿಮ್ಮ ಬೇಸರಕ್ಕೆ ಕಾರಣವಿದೆ. ಸಂಜೆಯೊಳಗೆ ತುಂಬಿಸಿಕೊಂಡ ನಮೂನೆಯನ್ನು ಸಮಾಲೋಚನೆ ಎಂದು ನಾನೂ ಕರೆಯುವುದಿಲ್ಲ. ಆದರೂ ಬರೆಯುವುದನ್ನು ಬಿಡಬೇಡಿ. ಬರೆಯುವ ಕ್ರಮವನ್ನು ಸ್ವಲ್ಪ ಬದಲಾಯಿಸಿ.

ವೃಂದ ಮತ್ತು ನೇಮಕಾತಿ ನಿಯಮಗಳ ಕರಡು ರಾಜ್ಯಪತ್ರದಲ್ಲಿ ಬಂದಾಗ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ ನಮೂದಿಸಿ, ಯಾವ ಹುದ್ದೆಗೆ ಸಂಬಂಧಿಸಿದ ಯಾವ ನಮೂದು ನಿಮ್ಮನ್ನು ಬಾಧಿಸುತ್ತದೆ ಎಂದು ಹೇಳಿ, ಅದರ ಬದಲು ಯಾವ ವಾಕ್ಯ ಇರಬೇಕೆಂಬುದನ್ನು ನೀವೇ ಬರೆದುಕೊಡಿ. 'ನಮಗೆ ಅನ್ಯಾಯವಾಗಿದೆ' ಎಂಬ ಪತ್ರವನ್ನು ಪರಿಶೀಲಿಸಲಾಯಿತು ಎಂದು ಬರೆದು ಮುಗಿಸಬಹುದು. 'ಐದು ವರ್ಷಗಳ ಸೇವೆ ಎಂಬಲ್ಲಿ ಮೂರು ವರ್ಷಗಳು ಎಂದಾಗಬೇಕು, ಏಕೆಂದರೆ ನಮ್ಮ ಜಿಲ್ಲೆಯ ಸ್ಥಳೀಯ ವೃಂದದಲ್ಲಿ ಐದು ವರ್ಷ ಪೂರೈಸಿದವರು ಯಾರೂ ಇಲ್ಲದೆ ಹುದ್ದೆಗಳು ಖಾಲಿ ಉಳಿಯುತ್ತವೆ' ಎಂಬ ಪತ್ರಕ್ಕೆ ಕಡತದಲ್ಲಿ ಉತ್ತರ ಬರೆಯಲೇಬೇಕಾಗುತ್ತದೆ. ಒಂದೇ ತೊಂದರೆ ಇರುವ ನಾಲ್ಕಾರು ಮಂದಿ ಸೇರಿ ಬರೆದರೆ ಅದಕ್ಕೆ ಇನ್ನಷ್ಟು ಬಲ ಬರುತ್ತದೆ. ಪತ್ರವನ್ನು ಕಳುಹಿಸಿದ್ದಕ್ಕೆ ಸ್ವೀಕೃತಿ ಇಟ್ಟುಕೊಳ್ಳಿ. ಅಂತಿಮ ನಿಯಮ ಬಂದ ಮೇಲೆ ನಿಮ್ಮ ಸಲಹೆಯ ಮೇಲೆ ಏನು ತೀರ್ಮಾನವಾಯಿತೆಂದು ಮಾಹಿತಿ ಹಕ್ಕಿನಡಿ ಟಿಪ್ಪಣಿ ಹಾಳೆಯ ಪ್ರತಿ ಕೇಳಬಹುದು. ಇದರಲ್ಲಿ ಮೇಲಧಿಕಾರಿಗಳಿಗೆ ಅಗೌರವವಾಗುವಂಥದ್ದು ಏನೂ ಇಲ್ಲ.

ಆನ್‌ಲೈನ್ ನಮೂನೆಯಲ್ಲಿ ಆಯ್ಕೆಗಳಷ್ಟೇ ಇದ್ದರೆ, 'ಇತರೆ' ಎಂಬಲ್ಲಿ ಒಂದು ನಿಜವಾದ ಅಡಚಣೆಯನ್ನು ಬರೆಯಿರಿ. ತರಬೇತಿಗೆ ಹೋದ ದಿನಗಳಲ್ಲಿ ನಿಮ್ಮ ಮೇಜಿನ ಕೆಲಸ ಯಾರದಾಗುತ್ತದೆ ಎಂಬ ಒಂದು ಪ್ರಶ್ನೆ ಸಾಕು. ಮೊಬೈಲಿನಲ್ಲಿ ವಿಡಿಯೊ ಪಾಠಗಳನ್ನು ಓಡಿಸಿ ಪ್ರಮಾಣಪತ್ರಗಳ ಸಂಖ್ಯೆ ಹೆಚ್ಚಿಸಿದ ಮಾತ್ರಕ್ಕೆ ನೌಕರರು ಬೆಳೆದರೆಂದು ತಿಳಿಯುವ ಅಪಾಯ ಎಲ್ಲ ಆನ್‌ಲೈನ್ ಕಲಿಕೆಯಲ್ಲೂ ಇದೆ. ಆ ಪಾಠದಿಂದ ನಿಮ್ಮ ಕೆಲಸ ಬದಲಾಯಿತೇ ಇಲ್ಲವೇ ಎಂದು ಹೇಳಬಲ್ಲವರು ನೀವೇ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಸರ್ಕಾರಿ ನೌಕರರ ಬೆಳವಣಿಗೆಯ ಯೋಜನೆಯಲ್ಲಿ ಕಚೇರಿಗೆ ಹೋಗುವ ಸಾಮಾನ್ಯ ಜನರನ್ನೂ ಕೇಳಬೇಕಲ್ಲವೇ? — ಓದುಗರು, ಶಿವಮೊಗ್ಗ

ಉತ್ತರ: ಕೇಳಬೇಕು, ಆದರೆ ಸರಿಯಾದ ಪ್ರಶ್ನೆಯನ್ನು ಕೇಳಬೇಕು. ಯಾರಿಗೆ ಮುಂಬಡ್ತಿ ಕೊಡಬೇಕು ಎಂಬುದು ಜನರ ಮುಂದಿಡುವ ಪ್ರಶ್ನೆಯಲ್ಲ. ಹಾಗೆ ಮಾಡಿದರೆ ನಿಯಮದಂತೆ ಇಲ್ಲವೆನ್ನಬೇಕಾದ ನೌಕರನು ಇಲ್ಲವೆನ್ನಲು ಅಂಜುತ್ತಾನೆ. ಅರ್ಜಿದಾರರಿಗೆ ಎಲ್ಲಿ ಅರ್ಥವಾಗುವಂತೆ ಹೇಳಲಿಲ್ಲ, ಎಲ್ಲಿ ಒಂದೇ ಕೆಲಸಕ್ಕೆ ಮೂರು ಸಲ ಬರಬೇಕಾಯಿತು ಎಂಬುದನ್ನು ಜನರೇ ಹೇಳಬಲ್ಲರು.

ಇದಕ್ಕೆ ಬೇಕಾದ ದೊಡ್ಡ ಆಧಾರ ನಮ್ಮ ರಾಜ್ಯದಲ್ಲಿ ಈಗಾಗಲೇ ಇದೆ. ಜನರು ಸಕಾಲ ಎಂದು ಬಲ್ಲ 2011ರ ಸೇವೆಗಳ ಖಾತರಿ ಅಧಿನಿಯಮದಂತೆ ಪ್ರತಿ ಅರ್ಜಿಗೂ ಗಡುವಿದೆ, ಮೀರಿದರೆ ಮೇಲ್ಮನವಿಯ ಅವಕಾಶವಿದೆ, ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚವೂ ಉಂಟು. ಯಾವ ಸೇವೆ, ಯಾವ ತಾಲ್ಲೂಕಿನಲ್ಲಿ, ಯಾವ ಹಂತದಲ್ಲಿ ತಡವಾಗುತ್ತಿದೆ ಎಂಬ ವಿವರ ಅಲ್ಲಿ ಸಿಗುತ್ತದೆ. ಇದನ್ನು ಇಷ್ಟು ವರ್ಷ ಮುಖ್ಯವಾಗಿ ವಿಳಂಬದ ಲೆಕ್ಕಕ್ಕೆ ಬಳಸಿದ್ದೇವೆ. ಒಂದೇ ಹಂತದಲ್ಲಿ ಹಲವು ತಾಲ್ಲೂಕುಗಳ ಅರ್ಜಿಗಳು ನಿಲ್ಲುತ್ತಿದ್ದರೆ ಅದು ಒಬ್ಬ ನೌಕರನ ಆಲಸ್ಯವಾಗಿರಲಾರದು. ಆ ಹುದ್ದೆಗೆ ಬೇಕಾದ ತಿಳಿವಳಿಕೆಯನ್ನು ಯಾರೂ ಕಲಿಸಿಲ್ಲ ಎಂದೋ, ಅಲ್ಲಿ ಜನರೇ ಇಲ್ಲವೆಂದೋ ಅದರ ಅರ್ಥ. ತರಬೇತಿಯ ಯೋಜನೆ ಬರೆಯುವವರು ಈ ವಿವರದಿಂದ ಆರಂಭಿಸಲಿ.

ಅಂಕಿಗಳ ಜೊತೆಗೆ ಮಾತನ್ನೂ ಕೇಳಬೇಕಾದರೆ ಪ್ರತಿ ಜಿಲ್ಲೆಯಲ್ಲಿ ಇತರರ ಪರವಾಗಿ ಅರ್ಜಿ ತುಂಬಿಕೊಡುವವರನ್ನು ಕರೆಯಬಹುದು. ಗ್ರಾಮ ಒನ್ ಕೇಂದ್ರ ನಡೆಸುವವರು, ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರು, ಪಿಂಚಣಿದಾರರಿಗೆ ನೆರವಾಗುವ ನಿಮ್ಮಂಥ ಹಿರಿಯರು ಹತ್ತಾರು ಜನರ ಅನುಭವವನ್ನು ಒಟ್ಟಿಗೆ ಹೇಳಬಲ್ಲರು. ಆ ಸಭೆಗಳಲ್ಲಿ ನೌಕರರ ಹೆಸರು ಹೇಳಿ ದೂರುವುದಕ್ಕೆ ಅವಕಾಶ ಕೊಡಬಾರದು, ದೂರಿಗೆ ಬೇರೆ ವ್ಯವಸ್ಥೆಯಿದೆ. ಅಲ್ಲಿ ಕೇಳಿದ್ದನ್ನು ಅದೇ ಕಚೇರಿಯ ನೌಕರರ ಗುಂಪಿನ ಮುಂದಿಟ್ಟು, ಇದು ಏಕೆ ಹೀಗಾಗುತ್ತಿದೆ ಎಂದು ವಿಚಾರಿಸಿದ ಮೇಲೆಯೇ ತರಬೇತಿಯ ವಿಷಯಗಳನ್ನು ನಿಗದಿಪಡಿಸುವುದು ಸರಿಯಾದ ಕ್ರಮ.